ಗಾಜಿಗೆ ತಾಗಿದ ಕಲ್ಲು

ಆ ಊರಿನಲ್ಲಿ ಯಾರ ಮನೆ ಎಲ್ಲಿದೆ ಎಂದು ಕೇಳಿದರೆ ಜನ ಬೀದಿಯತ್ತ ಕೈ ತೋರಿಸುತ್ತಿರಲಿಲ್ಲ. ಕೊಳದ ಹತ್ತಿರ ಹೋಗಿ ನೋಡಿಕೊಂಡು ಬಾ ಎನ್ನುತ್ತಿದ್ದರು.

ಕೊಳವೆಂದರೆ ನೆಲ ಅಗೆದು ಮಾಡಿದ ಕೊಳವಲ್ಲ. ಊರ ನಟ್ಟನಡುವೆ, ಮದುವೆ ಚಪ್ಪರದಷ್ಟು ಅಗಲಕ್ಕೆ, ಆಳೆತ್ತರದ ಗಾಜಿನ ಗೋಡೆಗಳೊಳಗೆ ನಿಂತ ನೀರು. ಅದರ ತಳವೂ ಗಾಜು. ತಳದ ಮೇಲೆ ಮರಳು, ಮರಳಿನ ಮೇಲೆ ಕಲ್ಲುಗಳು, ಕಲ್ಲುಗಳ ಮೇಲೆ ನೀರು, ನೀರಿನಲ್ಲಿ ಒಂದು ಜೋಡಿ ಮೀನು. ಪೇಟೆಯವರು ಇಂಥದನ್ನು ಅಕ್ವೇರಿಯಂ ಎನ್ನುತ್ತಾರಂತೆ, ಇಂಥ ಮೀನಿಗೆ ಸಿಕ್ಲಿಡ್ ಎನ್ನುತ್ತಾರಂತೆ. ಆ ಊರಿನವರು ಕೊಳ ಎನ್ನುತ್ತಿದ್ದರು, ಮೀನು ಎನ್ನುತ್ತಿದ್ದರು. ಇರುವುದೇ ಒಂದಾದ ಮೇಲೆ ಹೆಸರಿಗೆ ಯಾಕೆ ಒದ್ದಾಡಬೇಕು?

ಗಂಡು ಮೀನು ಮೊರದಷ್ಟು ಅಗಲ, ಹಣೆಯ ಮೇಲೊಂದು ಉಬ್ಬು. ಹೆಣ್ಣು ಸ್ವಲ್ಪ ಚಿಕ್ಕದು, ಸಿಟ್ಟು ಮಾತ್ರ ಗಂಡಿಗಿಂತ ದೊಡ್ಡದು. ಎರಡಕ್ಕೂ ಹಗಲೆಲ್ಲ ಒಂದೇ ಕೆಲಸ, ಅಗೆಯುವುದು. ಬಾಯಿ ತುಂಬ ಮರಳು ತುಂಬಿಕೊಂಡು, ಅರ್ಧವನ್ನು ಕಿವಿರಿನಿಂದ ಸುರಿಸಿ, ಉಳಿದದ್ದನ್ನು ದೂರ ಹೋಗಿ ಉಗಿದು, ಮತ್ತೆ ಬಂದು ಬಾಯಿ ತುಂಬಿಕೊಳ್ಳುವುದು. ಯಾಕೆ ಅಗೆಯುತ್ತವೆ ಎಂದು ಯಾರೂ ಕೇಳಲಿಲ್ಲ. ನಾವು ಯಾಕೆ ಮಾತಾಡುತ್ತೇವೆ ಎಂದು ಮೀನುಗಳೂ ಕೇಳಿರಲಿಲ್ಲ.

ಕೊಳದೊಳಗಿನ ಒಂದೊಂದು ಕಲ್ಲೂ ಊರಿನ ಒಂದೊಂದು ಮನೆ. ಮೀನು ಅಗೆದರೆ ಕಲ್ಲು ವಾಲುತ್ತದೆ, ವಾಲಿದರೆ ಜಾರುತ್ತದೆ. ಕಲ್ಲು ಜಾರಿದ ಕಡೆಗೆ ಮನೆ ಹೋಗಬೇಕು. ಆ ಊರಿಗಿದ್ದ ಕಟ್ಟಳೆ ಇದೊಂದೇ. ಕಲ್ಲು ಜಾರಿದ್ದು ಕಂಡ ಕೂಡಲೇ ತಮಟೆಯವನು ತಮಟೆ ಬಾರಿಸುತ್ತಿದ್ದ. ಆ ಮನೆಯವರು ಅನ್ನದ ಪಾತ್ರೆ ಇಳಿಸಿ, ಒಲೆಯ ಕೆಂಡವನ್ನು ಮಡಕೆಗೆ ತುಂಬಿ, ಚಾಪೆಯ ಗೋಡೆ ಸುತ್ತಿ, ಬಿದಿರ ಗಳ ಕಿತ್ತು ಹೆಗಲ ಮೇಲಿಟ್ಟು ನಡೆಯುತ್ತಿದ್ದರು. ಮೀನಿನ ಬಾಲದಷ್ಟು ದೂರ ಕಲ್ಲು ಜಾರಿದ್ದರೆ ಒಂದು ಬೀದಿ, ಮೀನಿನ ಉದ್ದಕ್ಕೆ ಜಾರಿದ್ದರೆ ಒಂದು ಕೇರಿ. ಅಲ್ಲಿ ಗಳ ನೆಟ್ಟು, ಚಾಪೆ ಬಿಚ್ಚಿ, ಕೆಂಡ ಊದಿ, ಅದೇ ಅನ್ನಕ್ಕೆ ಮತ್ತೆ ಎಸರಿಡುತ್ತಿದ್ದರು. ಆ ಊರಿನಲ್ಲಿ ಬಾವಿ ಇರಲಿಲ್ಲ, ಮಣ್ಣಿನ ಗೋಡೆ ಇರಲಿಲ್ಲ. ಬದನೆ ಗಿಡವೂ ಕುಂಡದಲ್ಲೇ ಬೆಳೆಯುತ್ತಿತ್ತು.

ಇದು ಕಷ್ಟವಲ್ಲವೇ ಎಂದು ನಿಮಗೆ ಅನ್ನಿಸಬಹುದು. ಅವರಿಗೆ ಹಾಗನ್ನಿಸುತ್ತಿರಲಿಲ್ಲ. ಪಕ್ಕದ ಮನೆಯವನ ಜೊತೆ ಜಗಳವಾದರೆ ಹಲ್ಲು ಕಚ್ಚಿಕೊಂಡಿದ್ದರೆ ಸಾಕು, ಇವತ್ತಲ್ಲ ನಾಳೆ ಮೀನು ಒಬ್ಬರನ್ನು ಅತ್ತ ತಳ್ಳುತ್ತಿತ್ತು. ನಾನು ಹೋಗುತ್ತೇನೆ ಎಂದು ಯಾರೂ ಯಾರಿಗೂ ಹೇಳಬೇಕಾಗಿರಲಿಲ್ಲ. ಬಿಟ್ಟು ಹೋಗುವವರೂ ಅಳುತ್ತಿದ್ದರು, ಉಳಿದವರೂ ಅಳುತ್ತಿದ್ದರು, ಬೈಗುಳವೆಲ್ಲ ಮೀನಿಗೆ.

ಕದಲದೆ ಇರುವವರು ಸತ್ತವರು ಮಾತ್ರ. ಅವರನ್ನು ಊರಾಚೆಯ ದಿಬ್ಬದಲ್ಲಿ ಹುಗಿದು, ತಲೆಯ ಹತ್ತಿರ ಒಂದು ಕಲ್ಲನ್ನು ಆಳವಾಗಿ ನೆಡುತ್ತಿದ್ದರು. ಅಲ್ಲಿಗೆ ಹೋದವರು ಹೂವಿಟ್ಟು ಸುಮ್ಮನೆ ಬರಬೇಕು. ಹೆಸರು ಹಿಡಿದು ಕರೆಯಬಾರದು. ಕರೆದರೆ ಬರಲಾರದವರನ್ನು ಕರೆಯುವುದು ಮರ್ಯಾದೆಯಲ್ಲ ಎಂದು ಹಿರಿಯರು ಹೇಳುತ್ತಿದ್ದರು.

ಕೊಳದ ತಳಕ್ಕೆ ಮರಳು ಹಾಸುವುದು, ಕಲ್ಲುಗಳನ್ನು ಇಡುವುದು ಒಬ್ಬ ಹೆಂಗಸಿನ ಕೆಲಸ. ಅವಳನ್ನು ಊರಿನವರು ಹಾಸುವವಳು ಎನ್ನುತ್ತಿದ್ದರು. ಗಂಡ ದಿಬ್ಬದಲ್ಲಿ ಮಲಗಿದ್ದ. ಮನೆಯಲ್ಲಿ ಮಗಳೊಬ್ಬಳಿದ್ದಳು. ಮಗಳು ದೊಡ್ಡವಳಾಗಿ ತನ್ನದೇ ಒಲೆ ಹೂಡಿದ ದಿನ ಅವಳಿಗೂ ಒಂದು ಕಲ್ಲು ಸಿಕ್ಕಿತು. ರೂಢಿಯ ಪ್ರಕಾರ ಮಗಳ ಮೊದಲ ಕಲ್ಲು ತಾಯಿಯ ಕಲ್ಲಿನ ಪಕ್ಕದಲ್ಲಿ. ತಾಯಿ ಅದನ್ನು ಕಣ್ಣಿಗೊತ್ತಿಕೊಂಡು, ಗಾಜಿನ ಗೋಡೆಗೆ ಒರಗಿಸಿದ ಏಣಿಯ ಮೇಲಿಂದ ಹಗ್ಗ ಕಟ್ಟಿ ನೀರಿಗಿಳಿಸಿದಳು. ಆಮೇಲೆ ಮೀನು ಶುರುಮಾಡಿತು.

ಮೊದಲು ಒಂದು ಬೀದಿ. ಆಮೇಲೆ ಒಂದು ಕೇರಿ. ತಾಯಿಯ ಕಲ್ಲು ಎಲ್ಲಿಗೇ ಜಾರಲಿ, ಮಗಳ ಕಲ್ಲು ಅದಕ್ಕೆ ಬೆನ್ನು ಮಾಡಿ ಆಚೆಗೇ ಜಾರುತ್ತಿತ್ತು. ಕೊನೆಗೆ ತಾಯಿ ಮೂಡಲ ತುದಿಯಲ್ಲಿ, ಮಗಳು ಪಡುವಲ ತುದಿಯಲ್ಲಿ. ಮುಚ್ಚಿದ ಬಟ್ಟಲಲ್ಲಿ ಸಾರು ಹಿಡಿದು ತಾಯಿ ಇಡೀ ಊರು ದಾಟಿ ಹೋಗುತ್ತಿದ್ದಳು. ತಲುಪುವಾಗ ಸಾರು ಆರಿರುತ್ತಿತ್ತು. ಎಷ್ಟೋ ಸಲ ಮನೆಯೇ ಅಲ್ಲಿರುತ್ತಿರಲಿಲ್ಲ.

"ಈ ಮೀನಿಗೆ ನನ್ನ ಕಂಡ್ರೆ ಆಗಲ್ಲ. ನನ್ನ ಮೇಲೆ ಏನೋ ಹಗೆ ಇದೆ," ಎಂದು ಅವಳು ಗಾಜಿಗೆ ಹಣೆ ಇಟ್ಟು ಹೇಳುತ್ತಿದ್ದಳು. ಮೀನು ಮರಳು ಉಗಿಯುತ್ತಿತ್ತು.

ಹೀಗಿರುವಾಗ ಒಂದು ಬೆಳಿಗ್ಗೆ ಗಂಡು ಮೀನು ಮಗ್ಗುಲಾಗಿ ತೇಲಿತು. ಸಂಜೆಗೆ ಹೆಣ್ಣೂ ಹೋಯಿತು. ವಯಸ್ಸಾಗಿತ್ತು, ಅಷ್ಟೇ. ಊರು ಅವೆರಡನ್ನೂ ದಿಬ್ಬದಲ್ಲಿ ಹುಗಿದು, ತಲೆಗೆ ನೀರು ಹಾಕಿಕೊಂಡು, ಕೊಳ ಬರಿದು ಮಾಡಿತು. ಹಳೆಯ ಜೋಡಿ ಸತ್ತರೆ ಹಳೆಯ ಹಾಸೂ ಸತ್ತಂತೆ. ಹೊಸ ಮರಳು ಬರಬೇಕು, ಹಳೆಯ ಜಾಗಗಳೆಲ್ಲ ಅಳಿಯಬೇಕು, ಕಲ್ಲುಗಳನ್ನು ಹೊಸದಾಗಿ ಇಡಬೇಕು. ಒಂದು ತಲೆಮಾರಿಗೆ ಒಮ್ಮೆ ಬರುವ ದಿನ ಅದು.

ಹೊಸ ಹಾಸು ಎಂಥದ್ದಿರಬೇಕೆಂದು ಕೊಳದ ಮುಂದೆ ಜನ ಸೇರಿದರು. ಸೇರಿದ ಮೇಲೆ ಕೇಳಬೇಕೆ, ಊರಿಗೆಲ್ಲ ಒಂದೊಂದು ಬಾಯಿ.

ಊರ ಯಜಮಾನ ಗಾರೆಯಲ್ಲಿ ಮಾಡಿಸಿದ ಅರಮನೆಯೊಂದನ್ನು ಹೊತ್ತು ತರಿಸಿದ್ದ. ಕಿಟಕಿ, ಗೋಪುರ, ಬಾಗಿಲಿಗೆ ಹಸಿರು ಬಣ್ಣ. "ನನ್ನ ಕಲ್ಲಿನ ಬದಲು ಇದನ್ನಿಡು ಕಣವ್ವಾ. ಕೊಳಕ್ಕೂ ಒಂದು ಕಳೆ ಬರ್ಲಿ," ಎಂದ.

"ಯಜಮಾನ್ರೇ, ಇದನ್ನಿಟ್ರೆ ಮೀನು ಕಿಟಕಿಗೆ ತಲೆ ತೂರ್ಸಿ ಸಿಕ್ಕಾಕ್ಕೊಳ್ತದೆ. ಗಾರೆ ನೆನೆದ್ರೆ ನೀರೂ ಕೆಡ್ತದೆ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅನ್ನೋ ಹಾಗಾಯ್ತು," ಎಂದಳು ಹಾಸುವವಳು. ಜನ ನಕ್ಕರು. ಯಜಮಾನನೂ ನಕ್ಕ, ಸ್ವಲ್ಪ ತಡವಾಗಿ.

ಹರೆಯದವರು ಕೆಂಪು ನೀಲಿ ಬಣ್ಣದ ಜಲ್ಲಿ ತಂದಿದ್ದರು. ಅವಳು ಒಂದು ಹಿಡಿ ಎತ್ತಿ ಅವರ ತುಟಿಗೆ ಒತ್ತಿದಳು. "ಚುಚ್ತದಾ? ಮೀನಿಗೆ ಕೈಯಿಲ್ಲ, ಬಾಯೇ ಅದರ ಗುದ್ದಲಿ. ಇದನ್ನ ತಿನ್ನಿಸ್ತೀರಾ?" ಇನ್ನೊಬ್ಬಳು ಬೆಳ್ಳನೆಯ ಮರಳು ಬೇಕೆಂದಳು, ಊರೆಲ್ಲ ಬೆಳದಿಂಗಳ ಹಾಗಿರುತ್ತದೆ ಎಂದಳು. ಬಿಳಿ ಹಾಸಿನ ಮೇಲೆ ಮೀನು ಹೆದರಿ ಬಣ್ಣ ಬಿಡುತ್ತದೆ ಎಂದು ಅವಳಿಗೂ ಹೇಳಿದ್ದಾಯಿತು. ಮೂಲೆಯಲ್ಲಿದ್ದ ಸೋಮಾರಿ ಮುದುಕನೊಬ್ಬ ಏನೂ ಹಾಸುವುದೇ ಬೇಡ, ಬರೀ ಗಾಜಿದ್ದರೆ ಉಜ್ಜುವುದು ಸುಲಭ ಎಂದ.

"ಬರೀ ಗಾಜಿದ್ರೆ ಮೀನಿಗೆ ಕೆಳಗಡೆ ತನ್ನದೇ ಮುಖ ಕಾಣ್ತದೆ ತಾತ. ಯಾರೋ ಬೇರೆ ಮೀನು ಅಂತ ಅದರ ಜೊತೇಲೇ ಕಾದಾಡ್ತದೆ. ಗೆಲ್ಲೋದಿಲ್ಲ, ಬಿಡೋದೂ ಇಲ್ಲ."

ಕೊನೆಗೆ ಅವಳೇ ಹೊಳೆಯ ತಿರುವಿಗೆ ಹೋದಳು. ಅಲ್ಲಿ ಮಾಸಲು ಬಣ್ಣದ ಮರಳು ಸಿಕ್ಕಿತು, ಸಾಸಿವೆಗಿಂತ ಸಣ್ಣದು, ಹಿಟ್ಟಿಗಿಂತ ದಪ್ಪ. ಬೆರಳ ಸಂದಿಯಿಂದ ಬಿಟ್ಟರೆ ಕೈಗೆ ಅಂಟದೆ ಇಳಿಯುತ್ತಿತ್ತು. ಅದನ್ನು ಕುಕ್ಕೆಯಲ್ಲಿ ತುಂಬಿ ತೊಳೆದಳು. ಕೆಸರು ನೀರು ಹೋಯಿತು, ಮತ್ತೆ ತೊಳೆದಳು. ಮಬ್ಬು ನೀರು ಹೋಯಿತು, ಮತ್ತೆ ತೊಳೆದಳು. ತಿಳಿ ನೀರು ಬಂತು, ಮತ್ತೂ ತೊಳೆದಳು. ಅವಳ ಸ್ವಭಾವವೇ ಹಾಗೆ. ಕೈಗೆ ಸಿಕ್ಕರೆ ಇವಳು ಚಂದ್ರನನ್ನೂ ತೊಳೆದು ಮಚ್ಚೆ ತೆಗೆದಾಳು ಎಂದು ಊರು ತಮಾಷೆ ಮಾಡುತ್ತಿತ್ತು.

ಮರಳು ಹಾಸಿದ್ದಾಯಿತು. ಇನ್ನು ಕಲ್ಲಿಡುವ ಶಾಸ್ತ್ರ.

ಒಂದೊಂದು ಮನೆಯವರೂ ತಮ್ಮ ಕಲ್ಲನ್ನು ತಂದು ಗಾಜಿನ ಗೋಡೆಯ ಒಳಬದಿಗೆ ಇಟ್ಟರು. ಆಮೇಲೆ ಇಡೀ ಊರು ಕೊಳಕ್ಕೆ ಬೆನ್ನು ಮಾಡಿ ನಿಂತಿತು. ನೋಡಿದರೆ ಆಸೆ ಹುಟ್ಟುತ್ತದೆ, ಆಸೆ ಹುಟ್ಟಿದರೆ ನೀರು ಕಲಕುತ್ತದೆ ಎಂಬ ನಂಬಿಕೆ. ಹಾಸುವವಳು ಕಣ್ಣು ಮುಚ್ಚಿಕೊಂಡು, ಬರಿಗಾಲಲ್ಲಿ ಮರಳಿನ ಮೇಲೆ ನಡೆಯುತ್ತ, ಕೈಗೆ ಬಂದ ಕಲ್ಲನ್ನು ಕಾಲು ನಿಂತಲ್ಲಿ ಇಡಬೇಕು. ಇಡುವಾಗ ಒಂದು ಮಾತು ಹೇಳಬೇಕು. "ಇಟ್ಟವಳು ನಾನಲ್ಲ, ಇರುವುದು ನಿನ್ನದಲ್ಲ." ಪ್ರತಿ ಕಲ್ಲಿಗೂ ಇದೇ ಮಾತು. ಬೆನ್ನು ಮಾಡಿ ನಿಂತವರು ಹೂಂಗುಟ್ಟಬೇಕು.

ಇಟ್ಟವಳು ನಾನಲ್ಲ, ಇರುವುದು ನಿನ್ನದಲ್ಲ. ಹೂಂ. ಇಟ್ಟವಳು ನಾನಲ್ಲ, ಇರುವುದು ನಿನ್ನದಲ್ಲ. ಹೂಂ. ಹೀಗೆ ಕಲ್ಲುಗಳು ಮುಗಿಯುತ್ತ ಬಂದವು. ಕೊನೆಗೆ ಅವಳ ಕಲ್ಲು ಉಳಿಯಿತು, ಮಗಳ ಕಲ್ಲು ಉಳಿಯಿತು. ಎರಡನ್ನೂ ಅವಳು ಬೆರಳಿನಿಂದಲೇ ಗುರುತು ಹಿಡಿದಳು.

ಅವಳು ಕಣ್ಣು ತೆರೆದಳು.

ಊರಿನ ಬೆನ್ನುಗಳೆಲ್ಲ ಕಂಡವು. ಮಗಳ ಬೆನ್ನೂ ಕಂಡಿತು, ಅದರ ಮೇಲೆ ಇಳಿಬಿದ್ದ ಜಡೆ ಕಂಡಿತು. ಹಾಸುವವಳು ಮಂಡಿಯೂರಿ ಎರಡೂ ಕೈಯಿಂದ ಮರಳು ಸರಿಸಿದಳು, ತಳದ ಗಾಜು ಮುಟ್ಟುವ ತನಕ ಸರಿಸಿದಳು. ಗಾಜಿಗೆ ಗೀರು ಬೀಳದಂತೆ ಸೆರಗಿನ ಅಂಚು ಹರಿದು ಹಾಸಿ, ತನ್ನ ಕಲ್ಲನ್ನು ನೇರ ಗಾಜಿನ ಮೇಲಿಟ್ಟಳು. ಅದಕ್ಕೆ ಮೈ ತಾಗಿಸಿ ಮಗಳ ಕಲ್ಲನ್ನಿಟ್ಟಳು. ಸುತ್ತ ಮರಳು ತುಂಬಿ ಅಂಗೈಯಿಂದ ಸಮ ಮಾಡಿದಳು. ಮೇಲಿನಿಂದ ನೋಡಿದರೆ ಎಲ್ಲ ಕಲ್ಲುಗಳ ಹಾಗೇ ಇದ್ದವು. ಆದರೆ ಮರಳಿನ ಮೇಲೆ ಕೂತ ಕಲ್ಲಿನ ಅಡಿ ಅಗೆಯಬಹುದು, ಗಾಜಿನ ಮೇಲೆ ಕೂತ ಕಲ್ಲಿನ ಅಡಿ ಯಾವ ಮೀನು ಅಗೆದೀತು? ಆ ಊರಿನಲ್ಲಿ ಇಷ್ಟು ಕಾಲ ಯಾರಿಗೂ ಇದು ಹೊಳೆದಿರಲಿಲ್ಲವೋ, ಹೊಳೆದವರು ಬಾಯಿ ಬಿಟ್ಟಿರಲಿಲ್ಲವೋ ನನಗೆ ತಿಳಿಯದು.

"ಇಟ್ಟವಳು ನಾನಲ್ಲ," ಎಂದಳು. ಮತ್ತೆ ಕಣ್ಣು ಮುಚ್ಚಿಕೊಂಡಳು. "ಇರುವುದು ನಿನ್ನದಲ್ಲ."

ಹೂಂ ಎಂದಿತು ಊರು.

ನೀರು ತುಂಬಿತು. ಮೀನು ತರುವವನು ಕಾವಡಿಯಲ್ಲಿ ಎರಡು ಮಡಕೆ ಹೊತ್ತು ಯಾವುದೋ ದೂರದ ಹೊಳೆಯಿಂದ ಬಂದ. ಹೊಸ ಗಂಡು, ಹೊಸ ಹೆಣ್ಣು. ಬಿಟ್ಟ ಕೂಡಲೇ ಎರಡೂ ತಳಕ್ಕಿಳಿದು ಒಂದೊಂದು ಬಾಯಿ ಮರಳು ತೆಗೆದು ಉಗಿದವು. ಹಾಸು ಒಪ್ಪಿಗೆಯಾಯಿತು ಎಂದು ಜನ ಕೇಕೆ ಹಾಕಿದರು. ತಮಟೆ ಮೊಳಗಿತು, ಊರಿಗೆ ಊರೇ ಗಳ ಕಿತ್ತು ಹೊಸ ಜಾಗಕ್ಕೆ ನಡೆಯಿತು. ಹಾಸುವವಳ ಮನೆ, ಮಗಳ ಮನೆ ಚಾಪೆಗೆ ಚಾಪೆ ತಾಗಿ ನಿಂತವು.

ಆ ಸುಖವನ್ನು ಹೇಗೆ ಹೇಳಲಿ? ಮಗಳು ರಾಗಿ ಕೇರುವ ಸದ್ದು ಚಾಪೆಯ ಆಚೆಯಿಂದ ಕೇಳುತ್ತಿತ್ತು. ಮಗಳು ಕೆಮ್ಮಿದರೆ ಇತ್ತ ತಾಯಿ ಕಷಾಯಕ್ಕೆ ನೀರಿಡುತ್ತಿದ್ದಳು. ಸಾರು ಬಿಸಿಬಿಸಿಯಾಗಿಯೇ ಮಗಳ ಬಟ್ಟಲು ಸೇರುತ್ತಿತ್ತು. ತಾಯಿ ಬೆಳಿಗ್ಗೆ ಹೋಗುವಳು, ಮಧ್ಯಾಹ್ನ ಹೋಗುವಳು, ಹೋಗಿ ಬಂದ ಮೇಲೆ ಏನೋ ಮರೆತೆನೆಂದು ಇನ್ನೊಮ್ಮೆ ಹೋಗುವಳು. ಸುತ್ತಲಿನ ಮನೆಗಳು ಬರುತ್ತಿದ್ದವು, ಹೋಗುತ್ತಿದ್ದವು. ಇವೆರಡು ಮಾತ್ರ ಅಲ್ಲೇ.

ಜನ ಮೊದಲು ಅದೃಷ್ಟ ಎಂದರು. ಆಮೇಲೆ ಆ ಎರಡು ಬಾಗಿಲ ಮುಂದೆ ಹಾಯುವಾಗ ದನಿ ತಗ್ಗಿಸತೊಡಗಿದರು.

ಕೊಳದಲ್ಲೂ ಏನೋ ಸರಿಯಿರಲಿಲ್ಲ. ಹೊಸ ಜೋಡಿ ಗೂಡಿಗೆ ಆರಿಸಿಕೊಂಡ ಜಾಗ ಸರಿಯಾಗಿ ಆ ಎರಡು ಕಲ್ಲುಗಳು ಕೂಡುವ ಬುಡ. ಬೇರೆ ಜಾಗವೇ ಇರಲಿಲ್ಲವೆ? ಇತ್ತು. ಆದರೆ ಮೀನಿಗೆ ಬುದ್ಧಿ ಹೇಳುವವರು ಯಾರು? ಎರಡೂ ಸೇರಿ ಕಲ್ಲಿನ ಬುಡದ ಮರಳೆಲ್ಲ ತೋಡಿದವು, ಕಲ್ಲು ಅಲುಗಲಿಲ್ಲ. ಹೆಣ್ಣು ಮೀನು ಮೂತಿಯಿಂದ ಗುದ್ದಿತು, ಕಲ್ಲು ಅಲುಗಲಿಲ್ಲ. ತೋಡುತ್ತ ತೋಡುತ್ತ ತಳದ ಗಾಜು ಬಂತು, ಗಾಜಿನಲ್ಲಿ ಅದಕ್ಕೆ ಅದರದೇ ಮುಖ ಕಂಡಿತು. ಅದು ಆ ಮುಖಕ್ಕೆ ಹಾಯ್ದಿತು. ದಿನವೂ ಹಾಯ್ದಿತು. ಅದರ ತುಟಿ ಬೆಳ್ಳಗೆ ಸುಲಿಯಿತು, ಮೈಯ ಬಣ್ಣ ಕಂದಿತು, ಮೇವು ಹಾಕಿದರೂ ಮೇಲೆ ಬರಲಿಲ್ಲ. ಇನ್ನು ಕೆಲವು ದಿನ ಹೀಗೇ ಆದರೆ ಮೀನು ಉಳಿಯುವುದಿಲ್ಲವೆಂದು ಹಾಸುವವಳಿಗೆ ನೋಡಿದ ತಕ್ಷಣ ತಿಳಿಯಿತು. ಅವಳು ಗಾಜಿನಿಂದ ಮುಖ ತಿರುಗಿಸಿಕೊಂಡು ಮನೆಗೆ ಹೋದಳು. ಮಗಳ ಮನೆಯಿಂದ ಒಗ್ಗರಣೆಯ ಘಮ ಬರುತ್ತಿತ್ತು. ಇನ್ನೊಂದು ದಿನ ನೋಡೋಣ ಅಂದುಕೊಂಡಳು. ಮರುದಿನವೂ ಹಾಗೇ ಅಂದುಕೊಂಡಳು.

ಒಂದು ಮಧ್ಯಾಹ್ನ, ಊರೆಲ್ಲ ಉಂಡು ಅಡ್ಡಾದ ಹೊತ್ತು, ಅವಳು ಕೊಳದ ಬಳಿ ಬಂದಾಗ ಏಣಿಯ ಮೇಲೆ ಮಗಳು ನಿಂತಿದ್ದಳು. ಕೈಯಲ್ಲಿ ಎಲೆಯ ದೊನ್ನೆ, ದೊನ್ನೆಯಲ್ಲಿ ಎರೆಹುಳು. ಮಗಳು ಹುಳುಗಳನ್ನು ಒಂದೊಂದಾಗಿ ನೀರಿಗೆ ಬಿಡುತ್ತಿದ್ದಳು. ಎಲ್ಲವೂ ಅವಳ ಕಲ್ಲಿನ ಆಚೆಯ ಬದಿಗೆ, ತಾಯಿಯ ಕಲ್ಲಿಲ್ಲದ ಬದಿಗೇ ಬೀಳುತ್ತಿದ್ದವು. ಗಂಡು ಮೀನು ಬಂದು ಅಲ್ಲೇ ಅಗೆದು ಅಗೆದು ತಿನ್ನುತ್ತಿತ್ತು.

ತಾಯಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಯಾವ ಕಡೆ ಮೀನು ಅಗೆಯುತ್ತದೋ ಆ ಕಡೆಗೆ ಕಲ್ಲು ಜಾರುತ್ತದೆ. ಜೀವಮಾನವೆಲ್ಲ ಅವಳು ನೋಡಿದ್ದು ಅದನ್ನೇ.

"ಇಳಿ ಕೆಳಗೆ," ಎಂದಳು.

ಮಗಳು ಇಳಿದಳು. ದೊನ್ನೆ ಬಚ್ಚಿಡಲಿಲ್ಲ.

"ಇದು ಇವತ್ತಿನದಾ?"

"ಇಲ್ಲಮ್ಮ. ಮೊದಲಿಂದ್ಲೂ."

"ಹಳೇ ಮೀನಿಗೂ?"

"ಹಳೇ ಮೀನಿಗೂ ನಾನೇ ಹಾಕ್ತಿದ್ದೆ. ಅದಕ್ಕೆ ನಿನ್ನ ಮೇಲೆ ಹಗೆ ಇರ್ಲಿಲ್ಲ. ನೀನು ಗಾಜಿಗೆ ಹಣೆ ಇಟ್ಟು ಅದನ್ನ ಬೈಯೋವಾಗ ನಂಗೆ ಸಂಕಟ ಆಗ್ತಿತ್ತು."

ಹಾಸುವವಳು ಏಣಿಯ ಕೆಳಗಿನ ಮೆಟ್ಟಿಲ ಮೇಲೆ ಕೂತಳು. "ನಾನೇನು ಮಾಡಿದ್ದೆ ನಿಂಗೆ? ಹೊಡೆದಿದ್ನಾ? ಬೈದಿದ್ನಾ?"

"ತೊಳೆದೆ," ಎಂದಳು ಮಗಳು. "ನಾನು ತೊಳೆದಿಟ್ಟ ಪಾತ್ರೆ ಮತ್ತೆ ತೊಳೀತೀಯ. ನಾನು ಹಾಕ್ಕೊಂಡ ಜಡೆ ಬಿಚ್ಚಿ ಮತ್ತೆ ಹೆಣೀತೀಯ. ನಾನು ಸಾರಿಗೆ ಉಪ್ಪು ಹಾಕಿದ್ರೆ ನೀನೊಂದು ಚಿಟಿಕೆ ಹಾಕ್ತೀಯ. ತಿಳಿನೀರು ಬಂದ್ಮೇಲೂ ಬಿಡಲ್ಲ ನೀನು. ನಿನ್ನ ಕುಕ್ಕೇಲಿ ಇನ್ನೂ ಸ್ವಲ್ಪ ದಿನ ಇದ್ರೆ ನಾನು ನೀರಲ್ಲೇ ಹೋಗಿಬಿಡ್ತೀನಿ ಅಮ್ಮ."

"ಒಂದು ಮಾತು ಹೇಳಬಾರ್ದಿತ್ತಾ?"

"ನಮ್ಮೂರಲ್ಲಿ ಯಾರಮ್ಮ ಹೇಳ್ತಾರೆ? ಮೀನು ಹೇಳ್ಲಿ ಅಂತ ಕಾದೆ. ಈ ಸಲ ಎಷ್ಟು ಹಾಕಿದ್ರೂ ಕಲ್ಲು ಅಲುಗ್ತಿಲ್ಲ. ಅದಕ್ಕೇ ಈಗ ನನ್ನ ಬಾಯಲ್ಲೇ ಹೇಳ್ತಿದೀನಿ. ನಂಗೆ ದೂರ ಹೋಗ್ಬೇಕು."

ಆ ಊರಿನಲ್ಲಿ ಅಂಥ ಮಾತನ್ನು ಯಾರೂ ಕೇಳಿರಲಿಲ್ಲ. ತಾಯಿ ಅತ್ತಳು, ಮುಖ ಮುಚ್ಚಿಕೊಳ್ಳದೆ ಅತ್ತಳು. ಮಗಳೂ ಅತ್ತಳು. ಬೈಯಲು ಈ ಸಲ ಮೀನು ಸಿಗಲಿಲ್ಲ. ಗಾಜಿನ ಆಚೆ ಹೆಣ್ಣು ಮೀನು ಸುಲಿದ ತುಟಿಯಿಂದ ತನ್ನ ಮುಖಕ್ಕೆ ತಾನೇ ಗುದ್ದುತ್ತಿತ್ತು.

ಅಳು ನಿಂತ ಮೇಲೆ ಹಾಸುವವಳು ಎದ್ದು ತಮಟೆಯವನನ್ನು ಎಬ್ಬಿಸಿದಳು. "ಬಾರಿಸು," ಎಂದಳು. ಯಾವ ಕಲ್ಲೂ ಜಾರಿಲ್ಲವಲ್ಲ ಎಂದು ಅವನು ಕಣ್ಣುಜ್ಜಿದ. "ಬಾರಿಸಪ್ಪಾ, ನಾನು ಹೇಳ್ತೀನಲ್ಲ."

ತಮಟೆ ಕೇಳಿ ಊರು ಓಡಿ ಬಂತು. ಹಾಸುವವಳು ಏಣಿಯ ಮೇಲೆ ನಿಂತು, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ನೀವೆಲ್ಲ ಬೆನ್ನು ಮಾಡಿ ನಿಂತಾಗ ನಾನು ಕಣ್ಣು ತೆರೆದೆ. ಈ ಎರಡು ಕಲ್ಲು ಮರಳಿನ ಮೇಲಿಲ್ಲ, ಗಾಜಿನ ಮೇಲಿವೆ. ಮೀನು ಸಾಯುತ್ತಿರುವುದು ನನ್ನಿಂದ.

ಗುಜುಗುಜು ಎದ್ದಿತು. ಇಟ್ಟವಳು ನಾನಲ್ಲ ಎಂದು ಹೇಳಿದ ಬಾಯಿ ಇದೇನಾ ಎಂದು ಒಬ್ಬಳು ಕೂಗಿದಳು. "ಹೌದು, ಇದೇ ಬಾಯಿ," ಎಂದಳು ಹಾಸುವವಳು. ಆಮೇಲೆ ಸೆರಗು ಬಿಗಿದು ಕಟ್ಟಿ ನೀರಿಗಿಳಿದಳು.

ನೀರು ತುಂಬಿದ ಕೊಳಕ್ಕೆ ಯಾರೂ ಇಳಿದದ್ದಿಲ್ಲ. ನೀರಿನೊಳಗಿನ ಕಲ್ಲನ್ನು ಮೀನಿನ ಬಾಯಿ ಬಿಟ್ಟು ಇನ್ನೊಂದು ಮುಟ್ಟಿದ್ದಿಲ್ಲ. ಗಾಜಿನ ಸುತ್ತ ನಿಂತವರಿಗೆ ಅವಳ ಸೀರೆ ನೀರಿನಲ್ಲಿ ಮೆಲ್ಲಗೆ ಬಿಚ್ಚಿಕೊಳ್ಳುವುದು ಕಂಡಿತು, ಬಿಳಿಗೂದಲು ಮೇಲಕ್ಕೆ ತೇಲುವುದು ಕಂಡಿತು. ಗಂಡು ಮೀನು ಅವಳ ಮೊಣಕೈಗೆ ಕಚ್ಚಿತು. ಅವಳು ಬಿಡಿಸಿಕೊಳ್ಳಲಿಲ್ಲ. ಮಗಳ ಕಲ್ಲನ್ನು ಎರಡೂ ಕೈಯಿಂದ ಗಾಜಿನಿಂದ ಎತ್ತಿ, ಎದೆಗೆ ಅವುಚಿಕೊಂಡು, ಒಂದು ಗಳಿಗೆ ಹಾಗೇ ನಿಂತಳು. ಆಮೇಲೆ ಅದನ್ನು ಮೆತ್ತಗಿನ ಮರಳಿನ ದಿಣ್ಣೆಯ ಮೇಲೆ ಇಟ್ಟಳು. ಇಟ್ಟು ಮೇಲೆ ಬಂದು ಉಸಿರೆಳೆದುಕೊಂಡಳು.

ಯಜಮಾನ ಕೈ ಚಾಚಿ ಅವಳನ್ನು ಏಣಿಗೆ ಹತ್ತಿಸಿಕೊಂಡ. ಕೆಟ್ಟವನಲ್ಲ ಅವನು. "ಆಗಿದ್ದು ಆಗೋಯ್ತು ಕಣವ್ವಾ. ನಿನ್ನ ಕಲ್ಲನ್ನೂ ಎತ್ತಿ ಮರಳ ಮೇಲಿಟ್ಬಿಡು. ಊರು ಮರೀತದೆ."

ಹಾಸುವವಳು ಕೆಳಗೆ ನೋಡಿದಳು. ಮಗಳ ಕಲ್ಲಿನ ಬುಡದಲ್ಲಿ ಆಗಲೇ ಹೆಣ್ಣು ಮೀನು ಅಗೆಯುತ್ತಿತ್ತು. ಕಲ್ಲು ಒಂದಿಷ್ಟು ವಾಲಿತು.

"ನಂದು ಅಲ್ಲೇ ಇರ್ಲಿ ಯಜಮಾನ್ರೇ," ಎಂದಳು.

"ಬುದ್ಧಿ ನೆಟ್ಟಗಿದೆಯಾ? ಕದಲದೇ ಇದ್ರೆ ಏನಂತ ಗೊತ್ತಲ್ಲ? ನಿನ್ನನ್ನ ದಿಬ್ಬದವರ ಜೊತೆಗೆ ಎಣಿಸ್ಬೇಕಾಗ್ತದೆ. ಯಾರೂ ಕರೆಯಂಗಿಲ್ಲ, ಯಾರೂ ಮಾತಾಡ್ಸಂಗಿಲ್ಲ. ಈ ಕೆಲಸಾನೂ ಹೋಗ್ತದೆ."

"ಗೊತ್ತು. ಅವಳು ಹೋಗ್ಲಿ, ಎಲ್ಲಿಗೆ ಬೇಕೋ ಅಲ್ಲಿಗೆ ಹೋಗ್ಲಿ. ನಾನೂ ಜಾರ್ತಾ ಇದ್ರೆ ಅವಳಿಗೆ ಯಾವತ್ತಾದ್ರೂ ನಾನು ಬೇಕು ಅನ್ನಿಸ್ದಾಗ ಎಲ್ಲಿ ಅಂತ ಹುಡುಕ್ತಾಳೆ? ಬರದೇನೂ ಇರಬಹುದು. ಆದ್ರೆ ಬಂದ್ರೆ ನಾನು ಇರ್ಬೇಕು."

ಯಜಮಾನ ಮಗಳ ಕಡೆ ನೋಡಿದ. ಮಗಳು ನೆಲ ನೋಡಿದಳು. ಕೊಳದೊಳಗೆ ಕಲ್ಲು ಜಾರಿತು, ತಮಟೆ ಮೊಳಗಿತು.

ಮಗಳ ಮನೆಯ ಗಳಗಳಲ್ಲಿ ಒಂದನ್ನು ತಾಯಿಯೇ ಕಿತ್ತುಕೊಟ್ಟಳು. ಮಗಳು ಪಾತ್ರೆಗಳನ್ನು ಗೋಣಿಗೆ ತುಂಬುವಾಗ ಮಸಿ ಹಿಡಿದ ಒಂದು ಬೋಸಿ ಕಣ್ಣಿಗೆ ಬಿತ್ತು. ತಾಯಿಯ ಕೈ ಅದರ ಕಡೆ ಹೋಗಿ ಅರ್ಧದಲ್ಲೇ ನಿಂತಿತು. ಮಗಳು ಅದನ್ನು ಹಾಗೇ ಗೋಣಿಗೆ ಹಾಕಿಕೊಂಡಳು.

ಹೊಸ ಜೋಡಿ ಮಗಳ ಕಲ್ಲನ್ನು ತಳ್ಳಿಕೊಂಡು ತಳ್ಳಿಕೊಂಡು ಕೊಳದ ಇನ್ನೊಂದು ತುದಿಗೆ ಒಯ್ದವು. ತೆರವಾದ ಜಾಗದಲ್ಲಿ ಅಗಲವಾಗಿ ಗುಳಿ ತೋಡಿದವು. ಗಾಜು ಕಾಣದಷ್ಟು ಮರಳು ಉಳಿಸಿಕೊಂಡೇ ತೋಡಿದವು. ಹೆಣ್ಣು ಮೀನಿನ ತುಟಿ ಮಾಗಿತು, ಮೈಗೆ ಬಣ್ಣ ಬಂತು. ಮೊಟ್ಟೆಯಿಡಲು ಅದು ಸುತ್ತಲಿನ ಕಲ್ಲುಗಳನ್ನೆಲ್ಲ ಗುದ್ದಿ ಗುದ್ದಿ ನೋಡಿತು. ಕೊನೆಗೆ ಹಾಸುವವಳ ಕಲ್ಲಿನ ಮೇಲೆ, ಗುದ್ದಿದರೂ ಅಲುಗದ ಆ ಒಂದೇ ಕಲ್ಲಿನ ಮೇಲೆ, ಸಾಲಾಗಿ ಮೊಟ್ಟೆ ಇಟ್ಟಿತು. ಊರು ಗಾಜಿಗೆ ಮೂಗೊತ್ತಿ ನೋಡಿತು. ಆದರೂ ಕಟ್ಟಳೆ ಕಟ್ಟಳೆಯೇ.

ಹಾಸುವ ಕೆಲಸ ಬೇರೊಬ್ಬಳಿಗೆ ಹೋಯಿತು. ಹಳೆಯ ಹಾಸುವವಳ ಮನೆಯ ಹೊಸ್ತಿಲಿಗೆ ಜನ ಬೆಳಿಗ್ಗೆ ಹೂವಿಟ್ಟು ಸುಮ್ಮನೆ ಹೋಗುತ್ತಿದ್ದರು. ಬಾಗಿಲ ಬಳಿ ಅವಳು ನಿಂತಿದ್ದರೂ ಅವಳನ್ನು ದಾಟಿ ನೋಡುತ್ತಿದ್ದರು. ಮೊದಮೊದಲು ಅವಳೇ ಹೆಸರು ಹಿಡಿದು ಕೂಗುತ್ತಿದ್ದಳು. ಯಾರೂ ತಿರುಗಲಿಲ್ಲ. ಕೂಗುವುದನ್ನು ಬಿಟ್ಟಳು. ಸುತ್ತ ಮನೆಗಳು ಬಂದವು, ಹೋದವು. ಅವಳ ಅಂಗಳದಲ್ಲಿ ಕುಂಡದ ಬದನೆಗಿಡ ಕುಂಡ ಒಡೆದು ನೆಲಕ್ಕೆ ಬೇರು ಬಿಟ್ಟಿತು. ಮಾತಿಲ್ಲದೆ ಅವಳ ನಾಲಿಗೆ ದಪ್ಪವಾಯಿತು. ಕೆಲವು ದಿನ ಅವಳಿಗೇ ಅನುಮಾನ ಬರುತ್ತಿತ್ತು, ನಾನು ನಿಜವಾಗಿ ಸತ್ತಿರಬಹುದೇ ಎಂದು. ಆಗ ಮೊಣಕೈಯ ಮೇಲೆ ಮೀನು ಕಚ್ಚಿದ ಕಲೆ ಒತ್ತಿ ನೋಡಿಕೊಳ್ಳುತ್ತಿದ್ದಳು. ನೋಯುತ್ತಿತ್ತು.

ಎಷ್ಟು ಕಾಲ ಹೀಗೆ ಹೋಯಿತೋ. ಕೊಳದ ಮರಿಗಳು ದೊಡ್ಡವಾಗಿದ್ದವು, ಊರು ಎಷ್ಟೋ ಸಲ ಅಡಿಮೇಲಾಗಿತ್ತು. ಒಂದು ದಿನ ಬಿಸಿಲು ಇಳಿಯುವ ಹೊತ್ತಿಗೆ ಅವಳ ಬಾಗಿಲ ಮುಂದೆ ಹೆಜ್ಜೆ ಸದ್ದು ಬಂದು ನಿಂತಿತು. ಹೂವಿಡಲು ಬಂದವರಿರಬೇಕೆಂದು ಅವಳು ಏಳಲಿಲ್ಲ. ಹೆಜ್ಜೆ ಹಿಂದಕ್ಕೂ ಹೋಗಲಿಲ್ಲ.

"ಅಮ್ಮಾ!"

ಬೀದಿಯಲ್ಲಿ ಹೋಗುತ್ತಿದ್ದವರು ನಿಂತರು. ಒಬ್ಬ ಮುದುಕಿ ಹಲ್ಲು ಕಚ್ಚಿ ಬೇಡ ಬೇಡ ಎಂದು ಕೈಯಾಡಿಸಿದಳು. ಮಗಳು ಇನ್ನಷ್ಟು ಗಟ್ಟಿಯಾಗಿ ಕರೆದಳು.

"ಅಮ್ಮಾ, ನಡೆದು ನಡೆದು ಕಾಲು ಬಿದ್ದೋಯ್ತು. ಹಸಿವಾಗ್ತಿದೆ. ಏನು ಮಾಡಿದೀಯ?"

ಒಳಗಿದ್ದವಳು ಬಟ್ಟಲು ಕೈಗೆತ್ತಿಕೊಂಡಳು. ಎರಡು ಸಲ ಗಂಟಲು ಸರಿಮಾಡಿಕೊಂಡಳು.

"ಸಾರಿದೆ," ಎಂದಳು. "ಉಪ್ಪು ನೀನೇ ನೋಡಿ ಹಾಕ್ಕೋ."